ಊರಿಗೆ ಹೋಗೋದು ಯಾರ ತೀರ್ಮಾನ?

2025ರ ದಸರಾಕ್ಕೆ ಮೈಸೂರಿಗೆ ಹೋಗಲು ನಮ್ಮ ಅತ್ತಿಗೆ ಸೂಟ್‌ಕೇಸ್ ತುಂಬಿಟ್ಟಿದ್ದರು. ಅತ್ತಿಗೆ ಡಬ್ಲಿನ್ ಹತ್ತಿರದ ಒಂದು ಆಸ್ಪತ್ರೆಯಲ್ಲಿ ಡಾಕ್ಟರು, ಎಚ್-1ಬಿ ವೀಸಾದಲ್ಲಿ ಇರುವವರು. ಸೆಪ್ಟೆಂಬರ್ 19, ಶುಕ್ರವಾರ, ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಎಂಬ ಅಧ್ಯಕ್ಷರ ಆದೇಶ ಬಂತು. ಭಾನುವಾರದಿಂದಲೇ ಜಾರಿ! ಹೊರಗೆ ಹೋದವರನ್ನು ಮತ್ತೆ ಒಳಗೆ ಬಿಡುತ್ತಾರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಶನಿವಾರ ಬೆಳಿಗ್ಗೆ ಅತ್ತಿಗೆ ಟಿಕೆಟ್ ಕ್ಯಾನ್ಸಲ್ ಮಾಡಿದರು. ಇದು ಹೊಸ ಅರ್ಜಿಗಳಿಗೆ ಮಾತ್ರ, ಈಗಾಗಲೇ ವೀಸಾ ಇರುವವರಿಗಲ್ಲ ಎಂಬ ಸ್ಪಷ್ಟನೆ ಆಮೇಲೆ ಬಂತು. ಮೈಸೂರಿನಲ್ಲಿ ಅವರ ಅಮ್ಮ ಗೊಂಬೆ ಕೂರಿಸಿ ಕಾಯುತ್ತಿದ್ದರು.

ಆ ರಾತ್ರಿ ಊಟಕ್ಕೆ ಕೂತಾಗ ಅತ್ತಿಗೆ ಅಣ್ಣನನ್ನು ಕೇಳಿದರು, "ಸುಮ್ನೆ ಊರಿಗೇ ಹೋಗ್ಬಿಡೋಣ್ವಾ ರೀ?"

"ಹೋಗ್ಲಿ ಬಿಡಿ, ನಮ್ಮೂರಿಗೂ ಡಾಕ್ಟರು ಬೇಕಲ್ವಾ" ಅನ್ನುವವರು ನಮ್ಮಲ್ಲೇ ಇದ್ದಾರೆ. ಮಾತು ಸುಳ್ಳಲ್ಲ. ಹಳ್ಳಿಗಳಲ್ಲಿ ಡಾಕ್ಟರಿಲ್ಲ ಅಂತ ತಾನೇ ಕರ್ನಾಟಕ 2012ರಲ್ಲಿ ಕಡ್ಡಾಯ ಸೇವೆಯ ಕಾನೂನು ತಂದಿದ್ದು? ಆದರೆ ಅಮೆರಿಕದ ಹಳ್ಳಿಗಳ ಕಥೆಯೂ ಅದೇ. ಜೆ-1 ವೀಸಾದಲ್ಲಿ ಇಲ್ಲಿ ತರಬೇತಿ ಮುಗಿಸಿದ ಡಾಕ್ಟರು ಎರಡು ವರ್ಷ ಸ್ವದೇಶಕ್ಕೆ ಮರಳಬೇಕು. ಇಲ್ಲವೇ ಡಾಕ್ಟರುಗಳ ಕೊರತೆ ಇರುವ ಕಡೆ ಮೂರು ವರ್ಷ ಕೆಲಸ ಮಾಡಿ ವಿನಾಯಿತಿ ಪಡೆಯಬಹುದು. ಕಾನ್ರಾಡ್ 30 ಎಂಬ ಈ ಯೋಜನೆಯಲ್ಲಿ ಒಂದೊಂದು ರಾಜ್ಯಕ್ಕೆ ವರ್ಷಕ್ಕೆ 30 ಜನರಿಗೆ ಅವಕಾಶ. ಅತ್ತಿಗೆ ಹಾಗೆ ಆಲ್ಟಮಾಂಟ್ ಬೆಟ್ಟದಾಚೆ, ಸೆಂಟ್ರಲ್ ವ್ಯಾಲಿಯಲ್ಲಿ, ಹೊಲಗಳಲ್ಲಿ ದುಡಿಯುವವರಿಗೆ ಮೂರು ವರ್ಷ ಔಷಧಿ ಕೊಟ್ಟು ಬಂದವರು. ಅಷ್ಟಾದರೂ ಗ್ರೀನ್ ಕಾರ್ಡ್ ಇಲ್ಲ. ಒಂದೊಂದು ದೇಶಕ್ಕೂ ಶೇ. 7ರ ಮಿತಿ, ಭಾರತೀಯರ ಸರದಿ ಸಾಲು ಕರಗುವುದೇ ಇಲ್ಲ.

ನಾನು ಹೇಳೋದು ಇಷ್ಟೆ. ಇಂಥ ಆದೇಶಗಳು ಜನರನ್ನು ಊರಿಗೆ ಕಳಿಸುತ್ತವೆ ಅಂದುಕೊಳ್ಳುತ್ತೇವೆ. ನಮ್ಮ ಮನೆಯಲ್ಲಿ ಆಗಿದ್ದು ಉಲ್ಟಾ: ಊರಿಗೆ ಹೊರಟವರನ್ನೇ ಅದು ಇಲ್ಲಿ ಕಟ್ಟಿಹಾಕಿತು. ಇನ್ನು, ಹೆದರಿ ಹೊರಡುವವರು ಮೈಸೂರಿಗೇ ಬರುತ್ತಾರೆ ಅಂತ ಏನು ಗ್ಯಾರಂಟಿ? ಕೆನಡಾ ಇದೆ, ಆಸ್ಟ್ರೇಲಿಯಾ ಇದೆ.

ಡಾಕ್ಟರು, ನರ್ಸುಗಳು ಊರಿಗೆ ಮರಳಲಿ, ತುಂಬಾ ಸಂತೋಷ. ಆದರೆ ಅಲ್ಲಿ ಒಳ್ಳೆಯ ಕೆಲಸ, ಸಂಬಳ, ಗೌರವ ಇದೆ ಅಂತ ಮರಳಲಿ. ಇಲ್ಲಿ ಶುಕ್ರವಾರ ಸಂಜೆ ಏನಾಗುತ್ತೋ ಎಂಬ ಭಯಕ್ಕಲ್ಲ. ಒಂದು ಕಡೆ ಆ ಕೆಲಸವನ್ನು ಕರ್ನಾಟಕ ಕೊಡಬೇಕು. ಇನ್ನೊಂದು ಕಡೆ, ನಿಯಮ ಬದಲಿಸುವ ಮೊದಲು ನಾಲ್ಕು ತಿಂಗಳಾದರೂ ನೋಟಿಸ್ ಕೊಡಿ ಎಂದು, ಇಲ್ಲಿ ವೋಟು ಇರುವ ನಾವು ಕೇಳಬೇಕು.

ಮನೆಯಿಂದ ಹೊರಡುವಾಗ ನಾವು "ಹೋಗ್ತೀನಿ" ಅನ್ನೋದಿಲ್ಲ, "ಹೋಗಿ ಬರ್ತೀನಿ" ಅಂತೀವಿ. ಅತ್ತಿಗೆ ಈ ಕಡೆಯಿಂದಲೂ ಆ ಕಡೆಯಿಂದಲೂ ಹಾಗೆ ಹೇಳುವಂತಾಗಬೇಕು.