ಸಿಗಲಿಲ್ಲ ಅನ್ನೋದೂ ಒಂದು ರೀಡಿಂಗ್

ಲ್ಯಾಬ್‌ನಲ್ಲಿ ಗ್ರಾಫ್ ಸರಿ ಬರದಿದ್ರೆ ನಾವೇನು ಮಾಡ್ತೀವಿ? ಸೀನಿಯರ್ ರೆಕಾರ್ಡ್ ನೋಡಿ ರೀಡಿಂಗ್ ತಿದ್ದುತ್ತೇವೆ. ನಾನೂ ತಿದ್ದಿದ್ದೇನೆ. ಸಾರಸ್ 3 ಬಗ್ಗೆ ಓದಿದ ಮೇಲೆ ನಾಚಿಕೆ ಆಯ್ತು.

2018ರಲ್ಲಿ ಅಮೆರಿಕದ ಎಡ್ಜಸ್ ತಂಡ, ಮೊದಲ ನಕ್ಷತ್ರಗಳ ಕಾಲದ ಹೈಡ್ರೋಜನ್ ಅನಿಲ ರೇಡಿಯೋ ಅಲೆಗಳನ್ನು ಹೀರಿಕೊಂಡ ಗುರುತು 78 ಮೆಗಾಹರ್ಟ್ಸ್ ಹತ್ತಿರ ಸಿಕ್ಕಿದೆ ಎಂದಿತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು 2020ರಲ್ಲಿ ದಂಡಿಗಾನಹಳ್ಳಿ ಕೆರೆ, ಶರಾವತಿ ಹಿನ್ನೀರಿನಲ್ಲಿ ಆಂಟೆನಾ ತೇಲಿಬಿಟ್ಟು ಅಳೆದರು. ನೆಲದೊಳಗಿನ ಪದರಗಳು ಅಳತೆ ಕೆಡಿಸುತ್ತವೆ, ನೀರು ಒಂದೇ ಸಮ. (ಬಳಗಾನೂರಿನ ನಮ್ಮಜ್ಜಿ, "ಕೆರಿಯಾಗ ರೇಡಿಯೋ ಬಿಟ್ರ ಕೆಡಂಗಿಲ್ಲೇನು?" ಅಂದ್ಲು.) ಆ ಗುರುತು ಸಿಗಲಿಲ್ಲ. 2022ರಲ್ಲಿ ಹಾಗೇ ಪ್ರಕಟಿಸಿದರು.

ವೈವಾದಲ್ಲಿ "ಯಾಕೆ ಬರಲಿಲ್ಲ" ಅಂತ ವಿವರಿಸಿದವರಿಗೂ ಮಾರ್ಕ್ಸ್ ಕೊಡಿ. ಕೊಟ್ಟರೆ ಕಾಪಿ ಹೊಡೆಯೋದನ್ನ ಮೊದಲು ಬಿಡೋನು ನಾನೇ.