ಕ್ಯಾಶೆ ಕ್ಲಿಯರ್ ಮಾಡುವುದು ಜನರ ಕೆಲಸವಲ್ಲ

‘ಕ್ಯಾಶೆ ಕ್ಲಿಯರ್ ಮಾಡಿ ನೋಡಿ’ ಎನ್ನುವ ಸಹಾಯವಾಣಿಯ ಉತ್ತರ ಇನ್ನಾದರೂ ನಿಲ್ಲಬೇಕು. ವೆಬ್ ಆಪ್‌ಗಳ ಹೊಸ ಆವೃತ್ತಿ ಬಿಡುಗಡೆ ಮಾಡುವುದೇ ನನ್ನ ವೃತ್ತಿ. ಜನರಿಗೆ ಹಾಗೆ ಹೇಳುವ ಪ್ರಸಂಗ ಬರದಂತೆ ನೋಡಿಕೊಳ್ಳುವುದು ಸಾಧ್ಯ, ಅದಕ್ಕೆ ದೊಡ್ಡ ಖರ್ಚೂ ಇಲ್ಲ ಎಂದು ಗೊತ್ತಿರುವುದರಿಂದಲೇ ಇದನ್ನು ಇಷ್ಟು ಖಂಡಿತವಾಗಿ ಬರೆಯುತ್ತಿದ್ದೇನೆ.

ತಿಪಟೂರಿನಲ್ಲಿ ನನ್ನ ಅಕ್ಕನ ಮಗ ಆನ್‌ಲೈನ್ ಅರ್ಜಿ ಹಾಕಿಕೊಡುವ ಅಂಗಡಿ ಇಟ್ಟಿದ್ದಾನೆ. ವಿದ್ಯಾರ್ಥಿವೇತನದ ಅರ್ಜಿ ನಡೆಯುತ್ತಿದ್ದ ದಿನಗಳಲ್ಲಿ ಒಮ್ಮೆ ಅಲ್ಲಿ ಕೂತಿದ್ದೆ. ಹಿಂದಿನ ರಾತ್ರಿಯಷ್ಟೇ ಪೋರ್ಟಲ್ ಬದಲಾಗಿ, ಆದಾಯ ಪ್ರಮಾಣಪತ್ರದ ಸಂಖ್ಯೆಯ ಜೊತೆಗೆ ದಿನಾಂಕವನ್ನೂ ಕೇಳತೊಡಗಿತ್ತು. ಪಿಯುಸಿ ಓದುವ ಹುಡುಗಿಯೊಬ್ಬಳ ಮೊಬೈಲಿನಲ್ಲಿ ಮಾತ್ರ ಆ ದಿನಾಂಕದ ಕಾಲಂ ಇರಲೇ ಇಲ್ಲ. ಸಬ್‌ಮಿಟ್ ಒತ್ತಿದಾಗಲೆಲ್ಲ ‘ಮಾಹಿತಿ ಅಪೂರ್ಣ’ ಎಂದು ಕೆಂಪು ಅಕ್ಷರ ಬರುತ್ತಿತ್ತು. ಅವಳು ಪ್ರಮಾಣಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, ‘ಅಣ್ಣಾ, ನಮ್ಮಪ್ಪಂದು ಸರ್ಟಿಫಿಕೇಟೇ ಸರಿ ಇಲ್ವೇನೋ’ ಅಂದಳು. ಅದೇ ಅರ್ಜಿ ಅಂಗಡಿಯ ಕಂಪ್ಯೂಟರಿನಲ್ಲಿ ಒಂದೇ ಸಲಕ್ಕೆ ಹೋಯಿತು. ಆ ಕಂಪ್ಯೂಟರಿನಲ್ಲಿ ಪೋರ್ಟಲ್ ತೆರೆದದ್ದು ಅದೇ ಮೊದಲು, ಹಾಗಾಗಿ ಹಳೆಯದೇನೂ ಉಳಿದಿರಲಿಲ್ಲ.

ತಪ್ಪು ಸರ್ವರಿನ ಕಡೆಯದು, ಅದನ್ನು ತನ್ನದೆಂದು ಹೊತ್ತುಕೊಂಡವಳು ಆ ಹುಡುಗಿ. ನನ್ನ ಸಿಟ್ಟಿರುವುದು ಇಲ್ಲೇ.

ನಡೆದದ್ದು ಇಷ್ಟು. ಒಮ್ಮೆ ತಂದ ಫೈಲುಗಳನ್ನು ಬ್ರೌಸರ್ ಫೋನಿನಲ್ಲೇ ಇಟ್ಟುಕೊಳ್ಳುತ್ತದೆ, ಆ ಸಂಗ್ರಹವೇ ಕ್ಯಾಶೆ. ಎಷ್ಟು ದಿನ ಇಟ್ಟುಕೊಳ್ಳಬಹುದು ಎಂದು ಸರ್ವರ್ ಹೇಳಬೇಕು. ಹೇಳದಿದ್ದರೆ ಬ್ರೌಸರ್ ತಾನೇ ಅಂದಾಜು ಮಾಡುತ್ತದೆ. 2022ರ ಕ್ಯಾಶಿಂಗ್ ಮಾನದಂಡ ಆರ್‌ಎಫ್‌ಸಿ 9111, ಈ ಅಂದಾಜಿಗೆ ಉದಾಹರಣೆಯಾಗಿ ಕೊಡುವುದು ಶೇ 10. ಅಂದರೆ 100 ದಿನದಿಂದ ಬದಲಾಗದ ಫೈಲನ್ನು ಇನ್ನೂ 10 ದಿನ ಕೇಳದೆಯೇ ಬಳಸಬಹುದು. ಬಹುಕಾಲ ಮುಟ್ಟದೆ ಬಿಟ್ಟ ಪೋರ್ಟಲನ್ನು ಅರ್ಜಿಯ ಋತು ಬಂದಾಗ ದಿಢೀರನೆ ಬದಲಿಸಿದರೆ ಹಳೆಯ ಪುಟವೇ ಹೆಚ್ಚು ದಿನ ಕಾಡುವುದು ಇದರಿಂದಲೇ.

ಕಂಪ್ಯೂಟರಿನಲ್ಲಿ ಕಂಟ್ರೋಲ್, ಶಿಫ್ಟ್, ಆರ್ ಮೂರನ್ನೂ ಒತ್ತಿ ಪಾರಾಗಬಹುದು. ಮೊಬೈಲಿನಲ್ಲಿ ಆ ಕೀಲಿಗಳೆಲ್ಲಿವೆ? ಸೆಟ್ಟಿಂಗಿಗೆ ಹೋಗಿ ಡೇಟಾ ಅಳಿಸುವಾಗ ಕುಕಿಗಳೂ ಹೋದರೆ ಲಾಗಿನ್ ಹೋಯಿತು, ಮತ್ತೆ ಒಟಿಪಿ, ಮತ್ತೆ ಮೊದಲಿನಿಂದ ಅರ್ಜಿ. ಕೊನೆಯ ದಿನಾಂಕದ ಸಂಜೆ ಅದು ಸಣ್ಣ ತೊಂದರೆಯಲ್ಲ.

ಹಾಗಾದರೆ ಕ್ಯಾಶೆಯನ್ನೇ ತೆಗೆದುಬಿಡೋಣ ಎನ್ನುವವರೂ ಇದ್ದಾರೆ. ಇದನ್ನು ನಾನು ಒಪ್ಪುವುದಿಲ್ಲ. ಒಂದು ಕಡ್ಡಿ ಸಿಗ್ನಲ್ ಸಿಗುವ ಮಲೆನಾಡಿನ ಮನೆಯಲ್ಲಿ ಪುಟ ತೆರೆದಾಗಲೆಲ್ಲ ಎಲ್ಲವನ್ನೂ ಹೊಸದಾಗಿ ಇಳಿಸಿಕೊಳ್ಳಿ ಎನ್ನುವುದು ಇನ್ನೊಂದು ಬಗೆಯ ಅನ್ಯಾಯ.

ಪರಿಹಾರ ಹಳೆಯದೇ. ಫೈಲಿನಲ್ಲಿರುವುದನ್ನೆಲ್ಲ ಲೆಕ್ಕಹಾಕಿ ಒಂದು ಸಂಕೇತ ತೆಗೆದು, ಅದನ್ನು ಫೈಲಿನ ಹೆಸರಿಗೇ ಸೇರಿಸುವುದು. ಒಳಗೆ ಒಂದಕ್ಷರ ಬದಲಾದರೂ ಹೆಸರು ಬದಲಾಗುತ್ತದೆ, ಹೊಸ ಹೆಸರಿನ ಫೈಲನ್ನು ಬ್ರೌಸರ್ ಹೊಸದಾಗಿ ತರಲೇಬೇಕು. ವೆಬ್ ಆಪ್ ಕಟ್ಟುವ ಚೌಕಟ್ಟಾದ ರೂಬಿ ಆನ್ ರೈಲ್ಸ್ 2011ರಲ್ಲೇ, ತನ್ನ 3.1ನೇ ಆವೃತ್ತಿಯಲ್ಲಿ, ಇದನ್ನು ಒಳಗೊಂಡಿತ್ತು. ಈಗಿನ ವೀಟ್‌ನಂಥ ಸಾಧನಗಳು ಕೇಳದೆಯೇ ಮಾಡಿಕೊಡುತ್ತವೆ. ಇಂಥ ಫೈಲುಗಳಿಗೆ 31536000 ಸೆಕೆಂಡು, ಅಂದರೆ ಪೂರ್ತಿ ಒಂದು ವರ್ಷದ ಅವಧಿ ಕೊಟ್ಟರೂ ಭಯವಿಲ್ಲ. ಇವನ್ನೆಲ್ಲ ಕರೆಯುವ ಮೂಲ ಎಚ್‌ಟಿಎಂಎಲ್ ಪುಟಕ್ಕೆ ಮಾತ್ರ ‘ನೋ-ಕ್ಯಾಶೆ’ ಎಂದು ಹಾಕಬೇಕು. ಆಗ ಬ್ರೌಸರ್ ಪುಟವನ್ನು ಇಟ್ಟುಕೊಂಡರೂ ಪ್ರತಿ ಸಲ ಸರ್ವರನ್ನು ಕೇಳಿಯೇ ಬಳಸುತ್ತದೆ. ಬದಲಾಗಿಲ್ಲವೆಂದರೆ ಪುಟವಿಲ್ಲದ ಪುಟ್ಟ 304 ಉತ್ತರ ಬರುತ್ತದೆ, ಡೇಟಾ ಉಳಿಯುತ್ತದೆ.

ಇಷ್ಟು ಮಾಡಿದ ಮೇಲೂ ಎಷ್ಟೋ ತಂಡಗಳು ಎಡವುವ ಜಾಗವೊಂದಿದೆ. ಹೊಸದನ್ನು ಏರಿಸಿದ ಕ್ಷಣವೇ ಸರ್ವರಿನಿಂದ ಹಳೆಯ ಫೈಲುಗಳನ್ನು ಅಳಿಸಿಬಿಡುತ್ತಾರೆ. ನಿನ್ನೆಯಿಂದ ಪುಟ ತೆರೆದಿಟ್ಟುಕೊಂಡವರು ಮುಂದಿನ ಹಂತಕ್ಕೆ ಹೋಗಲು ಒತ್ತಿದರೆ, ಬೇಕಾದ ತುಣುಕು ಸಿಗದೆ ಪರದೆ ಬೆಳ್ಳಗಾಗುತ್ತದೆ. ಹಳೆಯ ಫೈಲುಗಳು ಕೆಲವು ವಾರ ಅಲ್ಲೇ ಇರಲಿ, ಜಾಗವೇನೂ ಹೆಚ್ಚು ತಿನ್ನುವುದಿಲ್ಲ. ಹಳೆಯ ಪುಟದಿಂದ ಬಂದ ಅರ್ಜಿಯನ್ನೂ ಸರ್ವರ್ ಕೆಲವು ದಿನ ಸ್ವೀಕರಿಸಲಿ. ಆಗದಿದ್ದರೆ, ತುಂಬಿದ್ದನ್ನು ಉಳಿಸಿಕೊಂಡು, ‘ಈ ಪುಟ ಹಳೆಯದು, ಮತ್ತೆ ತೆರೆಯಿರಿ’ ಎಂದು ಸ್ಪಷ್ಟ ಕನ್ನಡದಲ್ಲಿ ಹೇಳಲಿ. ಸರ್ವಿಸ್ ವರ್ಕರ್, ಅಂದರೆ ಬ್ರೌಸರಿನ ಹಿನ್ನೆಲೆಯಲ್ಲಿದ್ದು ಇಟ್ಟುಕೊಂಡ ಫೈಲುಗಳನ್ನು ತಾನೇ ಒದಗಿಸಬಲ್ಲ ಸ್ಕ್ರಿಪ್ಟ್, ಬಳಸುವ ಆಪ್‌ಗಳಲ್ಲಂತೂ ಎಚ್ಚರ ಇನ್ನೂ ಹೆಚ್ಚು ಬೇಕು. ಹಳೆಯ ಟ್ಯಾಬ್‌ಗಳೆಲ್ಲ ಮುಚ್ಚುವ ತನಕ ಹೊಸ ಸರ್ವಿಸ್ ವರ್ಕರ್ ಸಾಮಾನ್ಯವಾಗಿ ಕಾಯುತ್ತಲೇ ಇರುತ್ತದೆ.

ಇದೆಲ್ಲ ಪರೀಕ್ಷೆಯಲ್ಲೇ ಸಿಕ್ಕಿಬೀಳಬೇಕಲ್ಲ ಎಂದು ನೀವು ಕೇಳಬಹುದು. ಸಿಕ್ಕಿಬೀಳುವುದಿಲ್ಲ. ಪರೀಕ್ಷಿಸುವವರು ಇನ್‌ಕಾಗ್ನಿಟೊ ಕಿಟಕಿ ತೆರೆದು ನೋಡುತ್ತಾರೆ, ಅಲ್ಲಿ ಹಳೆಯದೇನೂ ಇರುವುದಿಲ್ಲ, ಎಲ್ಲವೂ ಸರಿಯಾಗಿ ಕಾಣುತ್ತದೆ. ಆದ್ದರಿಂದ ಸಾರ್ವಜನಿಕ ಪೋರ್ಟಲ್‌ಗಳ ಟೆಂಡರಿನಲ್ಲಿ ಒಂದು ಷರತ್ತು ಸೇರಬೇಕು. ಬಿಡುಗಡೆಯ ಹಿಂದಿನ ದಿನ ಸಾಧಾರಣ ಆಂಡ್ರಾಯ್ಡ್ ಫೋನೊಂದರಲ್ಲಿ ಅರ್ಜಿಯನ್ನು ಅರ್ಧ ತುಂಬಿಡಬೇಕು. ಹೊಸ ಆವೃತ್ತಿ ಏರಿದ ಮೇಲೆ, ಏನನ್ನೂ ಅಳಿಸದೆ, ಅದೇ ಪುಟದಲ್ಲಿ ಉಳಿದರ್ಧ ತುಂಬಿ ಸಬ್‌ಮಿಟ್ ಒತ್ತಬೇಕು. ಅರ್ಜಿ ಸಲ್ಲಿಕೆಯಾಗಿ ಸ್ವೀಕೃತಿ ಸಂಖ್ಯೆ ಬರುವ ತನಕ ಗುತ್ತಿಗೆದಾರರ ಬಿಲ್ ಪಾಸಾಗಬಾರದು.