ಊರಿಗೆ ಉಪಕಾರಿ, ಮನೆಗೆ ಮಾರಿ

ಪಕ್ಷದ ಕೆಲಸಕ್ಕೆ ಬರುವ ಮುನ್ನ ನಾನು ಕೆಲವು ವರ್ಷ ಶಾಲಾ ಮಾಸ್ತರನಾಗಿದ್ದೆ. ಮೊದಲನೆಯ ಮಹಾಯುದ್ಧದ ಪಾಠ ಬಂದಾಗ ಕರೀಹಲಗೆಯ ಮೇಲೆ ಒಂದು ಸಾಲು ಬರೆಯುತ್ತಿದ್ದೆ: “1917ರಲ್ಲಿ ಅಮೆರಿಕವು ಪ್ರಜಾಪ್ರಭುತ್ವದ ರಕ್ಷಣೆಗಾಗಿ ಯುದ್ಧಕ್ಕಿಳಿಯಿತು, ಮಿತ್ರರಾಷ್ಟ್ರಗಳಿಗೆ ಜಯವಾಯಿತು.” ಹುಡುಗರು ಅದನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಎರಡು ಅಂಕ ಪಡೆಯುತ್ತಿದ್ದರು. ನಾನು ಸಂಬಳ ಪಡೆಯುತ್ತಿದ್ದೆ. ಆ ಎರಡು ಅಂಕದ ಸಾಲಿನ ಕೆಳಗೆ ಎಷ್ಟು ಹೆಣ, ಎಷ್ಟು ಸೆರೆಮನೆ, ಎಷ್ಟು ಲಾಭ ಹೂತುಹೋಗಿದೆಯೆಂಬುದು ನನಗೆ ತಿಳಿದದ್ದು ಪಕ್ಷದ ಅಧ್ಯಯನ ಮಂಡಲಕ್ಕೆ ಬಂದ ಮೇಲೆ. ಮಕ್ಕಳಿಗೆ ಅರ್ಧ ಪಾಠ ಹೇಳಿದ ಋಣ ನನ್ನ ಮೇಲಿದೆ. ಉಳಿದರ್ಧವನ್ನು ಇಲ್ಲಿ ಹೇಳುತ್ತೇನೆ.

ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ 1916ರ ಚುನಾವಣೆಯಲ್ಲಿ ಎರಡನೆಯ ಸಲ ಗೆದ್ದದ್ದು ಯಾವ ಮಾತಿನ ಮೇಲೆ? ದೇಶವನ್ನು ಯುದ್ಧದಿಂದ ದೂರವಿಟ್ಟ ಮಹಾನುಭಾವ ಇವನು ಎಂಬ ಪ್ರಚಾರದ ಮೇಲೆ. ನವೆಂಬರಿನಲ್ಲಿ ಮತ ಬಿತ್ತು. ಮುಂದಿನ ಏಪ್ರಿಲ್ 2ರಂದು ಅದೇ ವಿಲ್ಸನ್ ಪಾರ್ಲಿಮೆಂಟಿನ ಮುಂದೆ ನಿಂತು, ಪ್ರಜಾಪ್ರಭುತ್ವಕ್ಕೆ ಜಗತ್ತಿನಲ್ಲಿ ಸುರಕ್ಷಿತ ಜಾಗ ಮಾಡಿಕೊಡಬೇಕು, ಅದಕ್ಕಾಗಿ ಯುದ್ಧ ಸಾರಬೇಕು ಎಂದ. ಏಪ್ರಿಲ್ 6ರಂದು ಯುದ್ಧ ಸಾರಿಯೇಬಿಟ್ಟರು. ಕೆಳಮನೆಯಲ್ಲಿ 373 ಮಂದಿ ಹೌದೆಂದರು, 50 ಮಂದಿ ಅಲ್ಲವೆಂದರು. ಆ ಸಭೆಗೆ ಆರಿಸಿಬಂದಿದ್ದ ಮೊಟ್ಟಮೊದಲ ಹೆಂಗಸು ಜೆನೆಟ್ ರ‍್ಯಾಂಕಿನ್ ಅಲ್ಲವೆಂದವರಲ್ಲಿ ಒಬ್ಬಳು.

ಜರ್ಮನಿ ತಪ್ಪು ಮಾಡಿರಲಿಲ್ಲವೇ? ಮಾಡಿತ್ತು. ಬೆಲ್ಜಿಯಮನ್ನು ತುಳಿದಿತ್ತು, ಜಲಾಂತರ್ಗಾಮಿಗಳಿಂದ ಹಡಗುಗಳನ್ನು ಮುಳುಗಿಸುತ್ತಿತ್ತು. ಕೈಸರನ ವಕಾಲತ್ತು ವಹಿಸುವುದು ಸಮಾಜವಾದಿಗಳ ಕೆಲಸವಲ್ಲ. ಆದರೆ ಪ್ರಜಾಪ್ರಭುತ್ವದ ಮಾತಿನ ಹಿಂದೆ ಒಂದು ಸಾಲದ ಖಾತೆಯೂ ಇತ್ತೆಂಬುದನ್ನು ಮರೆಯಲಾಗದು. ಅಮೆರಿಕ ಯುದ್ಧಕ್ಕಿಳಿಯುವ ಹೊತ್ತಿಗೆ ಅಲ್ಲಿಯ ಬ್ಯಾಂಕುಗಳು ಇಂಗ್ಲೆಂಡು, ಫ್ರಾನ್ಸು ಮುಂತಾದ ದೇಶಗಳಿಗೆ 200 ಕೋಟಿ ಡಾಲರಿಗೂ ಮೀರಿ ಸಾಲ ಕೊಟ್ಟಿದ್ದವು. ಜರ್ಮನಿಗೆ ಕೊಟ್ಟದ್ದು ಅದರಲ್ಲಿ ಶೇಕಡ 2ರಷ್ಟೂ ಇಲ್ಲ. ಬ್ರಿಟಿಷ್ ಸರ್ಕಾರದ ಪರವಾಗಿ ಅಮೆರಿಕದಲ್ಲಿ ಮದ್ದುಗುಂಡು, ದವಸಧಾನ್ಯ ಖರೀದಿ ಮಾಡುತ್ತಿದ್ದುದು ಜೆ. ಪಿ. ಮಾರ್ಗನ್ ಸಾಹುಕಾರರ ಮನೆತನ. ಸಾಲಗಾರ ಸೋತರೆ ಸಾಲ ವಸೂಲಾಗುವುದೆಲ್ಲಿಂದ? ಲಂಡನ್ನಿನಲ್ಲಿದ್ದ ಅಮೆರಿಕದ ರಾಯಭಾರಿ ಪೇಜ್ 1917ರ ಮಾರ್ಚಿಯಲ್ಲೇ ವಿಲ್ಸನ್ನನಿಗೆ ತಂತಿ ಕಳಿಸಿ, ನಮ್ಮ ವ್ಯಾಪಾರ ಉಳಿಯಬೇಕಾದರೆ ಪ್ರಾಯಶಃ ಯುದ್ಧಕ್ಕಿಳಿಯುವುದೊಂದೇ ದಾರಿ ಎಂಬರ್ಥದ ಸಲಹೆ ಕೊಟ್ಟಿದ್ದ.

ಇನ್ನು ಮನೆಯೊಳಗಿನ ಯುದ್ಧಕ್ಕೆ ಬರೋಣ.

1917ರ ಮೇ ತಿಂಗಳಲ್ಲಿ ಕಡ್ಡಾಯ ಸೈನ್ಯಭರ್ತಿಯ ಕಾನೂನು ಬಂತು. ಜೂನ್ ತಿಂಗಳಲ್ಲಿ ಬೇಹುಗಾರಿಕೆ ಕಾಯಿದೆ ಬಂತು. ಹೆಸರು ಬೇಹುಗಾರರದು, ಬಲೆ ಬಿದ್ದದ್ದು ಭಾಷಣಕಾರರ ಮೇಲೆ. ಅದೂ ಸಾಲದೆಂದು 1918ರ ಮೇ ತಿಂಗಳಲ್ಲಿ ಇನ್ನೊಂದು ತಿದ್ದುಪಡಿ ತಂದು, ಸರ್ಕಾರವನ್ನು, ಬಾವುಟವನ್ನು, ಸೈನ್ಯದ ಸಮವಸ್ತ್ರವನ್ನು ಹೀಗಳೆದರೂ ಇಪ್ಪತ್ತು ವರ್ಷ ಸೆರೆ ಎಂದರು. ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ಮೊಕದ್ದಮೆ ಹೂಡಿದರು. ನಾಲ್ಕು ಮಕ್ಕಳ ತಾಯಿ ಕೇಟ್ ರಿಚರ್ಡ್ಸ್ ಒಹೇರ್ ಒಂದು ಸಣ್ಣ ಊರಿನಲ್ಲಿ ಮಾಡಿದ ಭಾಷಣಕ್ಕೆ ಐದು ವರ್ಷ. ಇಂಥವರು ಕದ್ದದ್ದು ಯಾವ ಗುಟ್ಟನ್ನು, ಮಾರಿದ್ದು ಯಾವ ನಕ್ಷೆಯನ್ನು? ಬಾಯಿ ಬಿಟ್ಟು ಮಾತಾಡಿದ್ದೇ ಅಪರಾಧ!

ಪತ್ರಿಕೆಗಳ ಪಾಡನ್ನು ಕೇಳಿ. ನಮ್ಮಂಥ ಪತ್ರಿಕೆಗೆ ಅಂಚೆಯೇ ಉಸಿರು. ಅಗ್ಗದ ದರದ ಅಂಚೆ ನಿಂತರೆ ಹಳ್ಳಿಯ ಚಂದಾದಾರನಿಗೆ ಪತ್ರಿಕೆ ತಲುಪುವುದಿಲ್ಲ. ಅಮೆರಿಕದ ಅಂಚೆ ಮಂತ್ರಿ ಬರ್ಲ್‌ಸನ್ ಈ ಮರ್ಮ ಅರಿತಿದ್ದ. ‘ಮಾಸಸ್’ ಎಂಬ ಸಮಾಜವಾದಿ ಮಾಸಪತ್ರಿಕೆಯ 1917ರ ಆಗಸ್ಟ್ ಸಂಚಿಕೆಯನ್ನು ಅಂಚೆಗೆ ತೆಗೆದುಕೊಳ್ಳಲಿಲ್ಲ. ಆಮೇಲೆ, ಒಂದು ತಿಂಗಳ ಸಂಚಿಕೆ ಅಂಚೆಯಲ್ಲಿ ಹೋಗಿಲ್ಲವಾದ್ದರಿಂದ ಇದು ಕ್ರಮವಾಗಿ ಹೊರಡುವ ಪತ್ರಿಕೆಯೇ ಅಲ್ಲ ಎಂದು ಹೇಳಿ ರಿಯಾಯಿತಿಯನ್ನೇ ಕಿತ್ತುಕೊಂಡ! ಕಾಲು ಮುರಿದವನೇ ಕುಂಟನೆಂದು ದಂಡ ಹಾಕಿದಂತೆ. ‘ಮಿಲ್ವಾಕಿ ಲೀಡರ್’ ಪತ್ರಿಕೆಗೂ ಅದೇ ಗತಿ. ಅದರ ಸಂಪಾದಕ ವಿಕ್ಟರ್ ಬರ್ಗರನನ್ನು ಜನ 1918ರ ನವೆಂಬರಿನಲ್ಲಿ ಪಾರ್ಲಿಮೆಂಟಿಗೆ ಆರಿಸಿದರು. ಸಭೆ ಅವನನ್ನು ಒಳಗೆ ಬಿಡಲಿಲ್ಲ. ಜನ 1919ರಲ್ಲಿ ಮತ್ತೆ ಅವನನ್ನೇ ಆರಿಸಿದರು. ಸಭೆ ಮತ್ತೆ ಬಾಗಿಲು ಹಾಕಿತು. ಯಾವ ಪ್ರಜಾಪ್ರಭುತ್ವಕ್ಕಾಗಿ ಫ್ರಾನ್ಸಿನ ಹೊಲಗಳಲ್ಲಿ ಸಿಪಾಯಿಗಳು ಸತ್ತರೋ, ಆ ಪ್ರಜಾಪ್ರಭುತ್ವ ಇದು.

ಕೂಲಿಕಾರರ ಕಥೆ ಇನ್ನೂ ಘೋರ. 1917ರ ಜುಲೈ 12ರಂದು ಅರಿಝೋನಾದ ಬಿಸ್ಬೀ ಎಂಬ ತಾಮ್ರದ ಗಣಿಯೂರಿನಲ್ಲಿ ಮುಷ್ಕರ ಹೂಡಿದ್ದ ಸುಮಾರು 1,200 ಮಂದಿಯನ್ನು ಬೆಳಗಿನ ಜಾವ ಬಂದೂಕು ತೋರಿಸಿ ಎಬ್ಬಿಸಿ, ದನ ಸಾಗಿಸುವ ರೈಲು ಡಬ್ಬಿಗಳಲ್ಲಿ ತುಂಬಿ, ಪಕ್ಕದ ರಾಜ್ಯದ ಮರುಭೂಮಿಯಲ್ಲಿ ಬಿಟ್ಟುಬಂದರು. ಮುಂದೆ ನಿಂತು ಮಾಡಿಸಿದವನು ಊರಿನ ಶೆರಿಫ್, ಬೆನ್ನ ಹಿಂದೆ ಗಣಿ ಕಂಪನಿ. ಒಬ್ಬನಿಗೂ ಶಿಕ್ಷೆಯಾಗಲಿಲ್ಲ. 1918ರ ಏಪ್ರಿಲಿನಲ್ಲಿ ಇಲಿನಾಯ್ ರಾಜ್ಯದ ಕಾಲಿನ್ಸ್‌ವಿಲ್‌ನಲ್ಲಿ ರಾಬರ್ಟ್ ಪ್ರೇಗರ್ ಎಂಬ ಜರ್ಮನ್ ಮೂಲದ ಗಣಿಕೂಲಿಯನ್ನು ಗುಂಪೊಂದು ಮರಕ್ಕೆ ನೇತುಹಾಕಿತು. ಅವನು ಅಮೆರಿಕದ ನೌಕಾದಳಕ್ಕೆ ಸೇರಲು ಹೋಗಿ ತಿರಸ್ಕೃತನಾಗಿ ಬಂದವನು! ಆಪಾದಿತರೆಲ್ಲರೂ ಬಿಡುಗಡೆಯಾದರು.

ಕಪ್ಪು ಜನರಿಗೆ ಸಿಕ್ಕ ಪ್ರಜಾಪ್ರಭುತ್ವವನ್ನೂ ನೋಡಿ. ಸುಮಾರು 3 ಲಕ್ಷ 80 ಸಾವಿರ ಕಪ್ಪು ತರುಣರು ಆ ಯುದ್ಧದಲ್ಲಿ ಸೈನ್ಯದಲ್ಲಿದ್ದರು. ಅದೇ 1917ರ ಜುಲೈ 2ರಂದು ಈಸ್ಟ್ ಸೇಂಟ್ ಲೂಯಿಸ್ ಎಂಬ ಕಾರ್ಖಾನೆಯೂರಿನಲ್ಲಿ ಕಪ್ಪು ಜನರ ಕೇರಿಗೆ ಬೆಂಕಿ ಬಿತ್ತು. ಸರ್ಕಾರಿ ಲೆಕ್ಕದಲ್ಲೇ 39 ಮಂದಿ ಕಪ್ಪು ಜನ ಸತ್ತರು. ಕೊಂದವರಲ್ಲಿ ಬಿಳಿಯ ಕೂಲಿಕಾರರಿದ್ದರೆಂಬುದನ್ನು ನಾವು ಮುಚ್ಚಿಡಬಾರದು. ಕೂಲಿಕಾರನನ್ನು ಕೂಲಿಕಾರನ ಮೇಲೆ ಎತ್ತಿಕಟ್ಟುವ ವಿದ್ಯೆ ಮಾಲೀಕನಿಗೆ ಗೊತ್ತಿದೆ; ಅದಕ್ಕೆ ಬಲಿಯಾಗುವ ದಡ್ಡತನ ನಮ್ಮದು. ಆಗಸ್ಟಿನಲ್ಲಿ ಹ್ಯೂಸ್ಟನ್ ನಗರದಲ್ಲಿ, ಪೊಲೀಸರ ಹೊಡೆತ ಬೈಗುಳ ತಾಳಲಾರದೆ ಕಪ್ಪು ಸಿಪಾಯಿಗಳು ದಂಗೆಯೆದ್ದರು. ಹಲವರ ಪ್ರಾಣ ಹೋಯಿತು. ಡಿಸೆಂಬರಿನಲ್ಲಿ 13 ಸಿಪಾಯಿಗಳನ್ನು ಮೇಲ್ಮನವಿಗೂ ಅವಕಾಶವಿಲ್ಲದೆ ಗಲ್ಲಿಗೇರಿಸಿದರು. ಆ ವಿಚಾರಣೆ ನ್ಯಾಯವಾಗಿ ನಡೆಯಲಿಲ್ಲವೆಂದು ಅಮೆರಿಕದ ಸೈನ್ಯ ಒಪ್ಪಿಕೊಂಡು 110 ಮಂದಿಯ ಶಿಕ್ಷೆಯನ್ನು ರದ್ದುಮಾಡಿದ್ದು 2023ರಲ್ಲಿ, ಅಂದರೆ 106 ವರ್ಷಗಳ ತರುವಾಯ. ಗಲ್ಲಿನ ಹಗ್ಗಕ್ಕೆ ಆಗ ಅಷ್ಟು ಅವಸರ, ನ್ಯಾಯಕ್ಕೆ ಇಷ್ಟು ಸಾವಕಾಶ!

ನನ್ನ ಹಳೆಯ ಕಸುಬಿನವರನ್ನೂ ಬಿಡಲಿಲ್ಲ. ನ್ಯೂಯಾರ್ಕಿನಲ್ಲಿ ದೇಶಭಕ್ತಿ ಸಾಲದೆಂದು ಮಾಸ್ತರರನ್ನು ಕೆಲಸದಿಂದ ತೆಗೆದರು. ಯುದ್ಧ ಮುಗಿದ ಮೇಲೂ ಆ ಜ್ವರ ಇಳಿಯಲಿಲ್ಲ. ನೆಬ್ರಾಸ್ಕಾ ರಾಜ್ಯ 1919ರಲ್ಲಿ ಚಿಕ್ಕ ಮಕ್ಕಳಿಗೆ ಇಂಗ್ಲಿಷಲ್ಲದ ಭಾಷೆ ಕಲಿಸಕೂಡದೆಂದು ಕಾನೂನು ಮಾಡಿತು. ಹತ್ತು ವರ್ಷದ ಹುಡುಗನಿಗೆ ಜರ್ಮನ್ ಓದಿಸಿದ ತಪ್ಪಿಗೆ ರಾಬರ್ಟ್ ಮೇಯರ್ ಎಂಬ ಮಾಸ್ತರನಿಗೆ 25 ಡಾಲರ್ ದಂಡ ಬಿತ್ತು. ಅವನು ದಂಡ ಕಟ್ಟಿ ಸುಮ್ಮನಾಗದೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 1923ರಲ್ಲಿ ಗೆದ್ದ. ಅವನಿಗೆ ಈ ಮಾಜಿ ಮಾಸ್ತರನ ನಮಸ್ಕಾರ.

ಇವರೆಲ್ಲರ ನಡುವೆ ಎದ್ದುಕಾಣುವವನು ಯೂಜೀನ್ ಡೆಬ್ಸ್. ರೈಲ್ವೆ ಕೂಲಿಯಾಗಿ ಬದುಕು ಶುರುಮಾಡಿ ಅಮೆರಿಕದ ಸಮಾಜವಾದಿ ಪಕ್ಷದ ಧುರೀಣನಾದವನು. 1918ರ ಜೂನ್ 16ರಂದು ಓಹಾಯೋದ ಕ್ಯಾಂಟನ್ ಊರಿನಲ್ಲಿ, ಸೆರೆಯಲ್ಲಿದ್ದ ಸಂಗಾತಿಗಳನ್ನು ಕಂಡು ಬಂದು ಭಾಷಣ ಮಾಡಿದ. ಯುದ್ಧ ಸಾರುವವರು ಒಡೆಯರು, ಸಾಯುವವರು ಆಳುಗಳು. ಯುದ್ಧ ಬೇಕೋ ಬೇಡವೋ ಎಂದು ಆಳುಗಳನ್ನು ಯಾರೂ ಎಂದೂ ಕೇಳಿಲ್ಲ ಎಂದ. ಅದಕ್ಕೆ ಹತ್ತು ವರ್ಷ ಸೆರೆ. ಸುಪ್ರೀಂ ಕೋರ್ಟು 1919ರ ಮಾರ್ಚಿ 10ರಂದು ಒಮ್ಮತದಿಂದ ಶಿಕ್ಷೆಯನ್ನು ಎತ್ತಿಹಿಡಿಯಿತು. ಯುದ್ಧ ನಿಂತು ಆಗಲೇ ನಾಲ್ಕು ತಿಂಗಳಾಗಿತ್ತು! 1920ರ ಚುನಾವಣೆಯಲ್ಲಿ ಅಟ್ಲಾಂಟಾ ಸೆರೆಮನೆಯ 9653ನೆಯ ನಂಬರಿನ ಕೈದಿ ಅಧ್ಯಕ್ಷ ಪದವಿಗೆ ನಿಂತು 9 ಲಕ್ಷಕ್ಕೂ ಹೆಚ್ಚು ಮತ ಪಡೆದ. ವಿಲ್ಸನ್ ಕೊನೆಯ ತನಕ ಅವನನ್ನು ಬಿಡಲಿಲ್ಲ. ಬಿಟ್ಟವನು ಮುಂದಿನ ಅಧ್ಯಕ್ಷ ಹಾರ್ಡಿಂಗ್, 1921ರ ಕ್ರಿಸ್ಮಸ್ಸಿಗೆ.

ನಮ್ಮ ದೇಶಕ್ಕೂ ಇದಕ್ಕೂ ಏನು ಸಂಬಂಧ ಎನ್ನುವವರಿದ್ದಾರೆ. ಸಂಬಂಧವಿದೆ. 1918ರ ಜನವರಿಯಲ್ಲಿ ವಿಲ್ಸನ್ ತನ್ನ 14 ಸೂತ್ರಗಳನ್ನು ಸಾರಿ ಸಣ್ಣ ರಾಷ್ಟ್ರಗಳ ಸ್ವಾತಂತ್ರ್ಯದ ಮಾತಾಡುತ್ತಿದ್ದಾಗ, ಸಾನ್ ಫ್ರಾನ್ಸಿಸ್ಕೋದ ಕೋರ್ಟಿನಲ್ಲಿ ಗದರ್ ಪಕ್ಷದ ಭಾರತೀಯರು ಕಟಕಟೆಯಲ್ಲಿದ್ದರು. ಬ್ರಿಟಿಷರ ಹಿಡಿತದಿಂದ ದೇಶ ಬಿಡಿಸಲು ಜರ್ಮನರ ನೆರವಿನಿಂದ ಆಯುಧ ಕಳಿಸಲು ಹವಣಿಸಿದರೆಂಬುದು ಆಪಾದನೆ. ಏಪ್ರಿಲಿನಲ್ಲಿ ಅವರಿಗೆ ಶಿಕ್ಷೆಯಾಯಿತು. ಆ ದಿನಗಳಲ್ಲೇ ನ್ಯೂಯಾರ್ಕಿನಲ್ಲಿ ಲಾಲಾ ಲಜಪತರಾಯರ ಜೊತೆಗೆ ಭಾರತದ ಸ್ವರಾಜ್ಯಕ್ಕಾಗಿ ದುಡಿಯುತ್ತಿದ್ದವರು ನಮ್ಮ ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು, ಮುಂದೆ ಸೇವಾದಳ ಕಟ್ಟಿದವರು. ಡೆಬ್ಸನ ಶಿಕ್ಷೆ ಖಾಯಮ್ಮಾದ ಅದೇ 1919ರ ಮಾರ್ಚಿಯಲ್ಲಿ ದಿಲ್ಲಿಯಲ್ಲಿ ರೌಲತ್ ಕಾಯಿದೆ ಹುಟ್ಟಿತು. ಏಪ್ರಿಲ್ 13ರಂದು ಜಲಿಯನ್‌ವಾಲಾಬಾಗಿನಲ್ಲಿ ಗುಂಡು ಹಾರಿತು. ಮಿತ್ರರಾಷ್ಟ್ರಗಳ ಮೈತ್ರಿ ಎಂದರೆ ಇದು. ಯುದ್ಧ ಗೆಲ್ಲುವ ತನಕ ಸ್ವಾತಂತ್ರ್ಯದ ಪಾಠ, ಗೆದ್ದ ಮೇಲೆ ಲಾಠಿ ಬಂದೂಕು.

ಯುದ್ಧಕಾಲದಲ್ಲಿ ಸ್ವಲ್ಪ ಸಹಿಸಬೇಕು, ಕಳೆದ ಹಕ್ಕು ಶಾಂತಿಕಾಲದಲ್ಲಿ ಮರಳಿ ಬರುತ್ತದೆ ಎಂದು ಸಮಾಧಾನ ಹೇಳುವ ವಿದ್ವಾಂಸರಿದ್ದಾರೆ. 1918ರ ತಿದ್ದುಪಡಿ 1920ರಲ್ಲಿ ಹೋಯಿತು, ನಿಜ. ಮೂಲ ಬೇಹುಗಾರಿಕೆ ಕಾಯಿದೆ ಹೋಗಲಿಲ್ಲ. ವಿಯೆಟ್ನಾಂ ಯುದ್ಧದ ಸುಳ್ಳುಗಳನ್ನು ಬಯಲಿಗಿಟ್ಟ ಡೇನಿಯಲ್ ಎಲ್ಸ್‌ಬರ್ಗನ ಮೇಲೆ 1971ರಲ್ಲಿ ಎಳೆದದ್ದು ಅದೇ ಕಾಯಿದೆಯನ್ನು. ನಮ್ಮ ಕಮ್ಯುನಿಸ್ಟ್ ಮಿತ್ರರಿಗೂ ಇಲ್ಲಿ ಒಂದು ಪಾಠವಿದೆ. ಎರಡನೆಯ ಮಹಾಯುದ್ಧದ ವೇಳೆ, 1941ರಲ್ಲಿ, ಸ್ಮಿತ್ ಕಾಯಿದೆಯ ಕೆಳಗೆ ಮಿನಿಯಾಪೊಲಿಸಿನ ಟ್ರಾಟ್ಸ್ಕಿವಾದಿಗಳನ್ನು ಶಿಕ್ಷಿಸಿದಾಗ ಅಮೆರಿಕದ ಕಮ್ಯುನಿಸ್ಟರು ಅದಕ್ಕೆ ಸೈಗುಟ್ಟಿದರು. ಅದೇ ಕಾಯಿದೆ 1949ರಲ್ಲಿ ಅವರ 11 ಮುಖಂಡರ ಕೊರಳಿಗೇ ಬಿತ್ತು. ನೆರೆಯವನಿಗೆ ಹೆಣೆದ ಉರುಲಿಗೆ ಹೆಸರು ಬರೆದಿರುವುದಿಲ್ಲ, ಸ್ವಾಮಿ.

ಕೊನೆಗೆ ಜಮಾಖರ್ಚು ನೋಡೋಣ. ಖರ್ಚಿನ ಕಡೆ: ಸತ್ತ ಅಮೆರಿಕದ ಸಿಪಾಯಿಗಳು ಸುಮಾರು 1 ಲಕ್ಷ 16 ಸಾವಿರ, ಅರ್ಧಕ್ಕಿಂತ ಹೆಚ್ಚು ಮಂದಿ ಗುಂಡಿಗಲ್ಲ, ಮುಖ್ಯವಾಗಿ ಇನ್‌ಫ್ಲುಯೆಂಜಾದಂಥ ರೋಗಕ್ಕೆ ಬಲಿಯಾದವರು. ಜಮಾ ಕಡೆ: ಆ ದೇಶದ ನೌಕಾಪಡೆಯ ಕಾಲಾಳು ದಳದಲ್ಲಿ ಮೇಜರ್ ಜನರಲ್ ಆಗಿ ನಿವೃತ್ತನಾದ ಸ್ಮೆಡ್ಲಿ ಬಟ್ಲರ್ 1935ರ ತನ್ನ ಪುಸ್ತಕದಲ್ಲಿ ಕೊಟ್ಟ ಲೆಕ್ಕದಂತೆ, ಮದ್ದು ತಯಾರಿಸುವ ಡುಪಾಂಟ್ ಕಂಪನಿಯ ವಾರ್ಷಿಕ ಲಾಭ ಯುದ್ಧದ ಮುಂಚೆ 60 ಲಕ್ಷ ಡಾಲರ್, ಯುದ್ಧದ ವರ್ಷಗಳಲ್ಲಿ 5 ಕೋಟಿ 80 ಲಕ್ಷ ಡಾಲರ್. ಇದು ನಮ್ಮ ಪಕ್ಷದ ಕರಪತ್ರವಲ್ಲ. ಎದೆಯ ಮೇಲೆ ಪದಕ ತೊಟ್ಟ ದಳಪತಿಯ ಮಾತು.

ಬದುಕಿ ಬಂದ ಸಿಪಾಯಿಗೆ ಏನು ಸಿಕ್ಕಿತು? 1924ರಲ್ಲಿ ಬೋನಸ್ಸಿನ ಒಂದು ಕಾಗದ ಕೊಟ್ಟು, ಹಣ 1945ಕ್ಕೆ ಎಂದರು. 1932ರಲ್ಲಿ ಕೆಲಸವಿಲ್ಲದೆ, ಕೂಳಿಲ್ಲದೆ, ಆ ಹಣವನ್ನು ಈಗಲೇ ಕೊಡಿರೆಂದು ಸಾವಿರಾರು ಮಾಜಿ ಸಿಪಾಯಿಗಳು ಹೆಂಡತಿ ಮಕ್ಕಳೊಡನೆ ವಾಷಿಂಗ್ಟನ್ನಿಗೆ ಬಂದು ಗುಡಿಸಲು ಹಾಕಿದರು. ಜುಲೈ 28ರಂದು ಜನರಲ್ ಮೆಕಾರ್ಥರ್ ಟ್ಯಾಂಕು, ಸಂಗೀನು, ಅಶ್ರುವಾಯುಗಳೊಡನೆ ಬಂದು ಅವರನ್ನು ಓಡಿಸಿದ. ಗುಡಿಸಲುಗಳು ಸುಟ್ಟು ಬೂದಿಯಾದವು. ಫ್ರಾನ್ಸಿನಲ್ಲಿ ಯಾವ ಸೈನ್ಯದಲ್ಲಿ ನಿಂತು ಹೋರಾಡಿದ್ದರೋ ಅದೇ ಸೈನ್ಯ ಅವರ ಮೇಲೆ ಬಂತು.

ಆದ್ದರಿಂದ ಓದುಗ ಬಂಧುಗಳೇ, ಯಾವ ದೇಶದ ಯಾವ ಸರ್ಕಾರವೇ ಆಗಲಿ, ಅದರ ಬಾವುಟ ಯಾವ ಬಣ್ಣದ್ದೇ ಆಗಲಿ, ಲೋಕವನ್ನು ಉದ್ಧರಿಸಲು ಯುದ್ಧಕ್ಕೆ ಹೊರಟೆನೆಂದರೆ ಅದರ ತುತ್ತೂರಿಗೆ ಕಿವಿಗೊಡಬೇಡಿ. ಎರಡೇ ಪ್ರಶ್ನೆ ಕೇಳಿ. ಯುದ್ಧ ಬೇಡವೆಂದವನನ್ನು ನಿನ್ನ ಮನೆಯಲ್ಲಿ ಏನು ಮಾಡಿದೆ? ಯುದ್ಧದ ಲಾಭವನ್ನು ಯಾರ ಪೆಟ್ಟಿಗೆಗೆ ಹಾಕಿದೆ?

ನನ್ನ ಹಳೆಯ ವಿದ್ಯಾರ್ಥಿಗಳು ಯಾರಾದರೂ ಈ ಪತ್ರಿಕೆ ಓದುತ್ತಿದ್ದರೆ ಆ ಸಾಲನ್ನು ಹೊಡೆದುಹಾಕಿ ಹೀಗೆ ಬರೆದುಕೊಳ್ಳಲಿ: “1917ರಲ್ಲಿ ಅಮೆರಿಕದ ಸರ್ಕಾರವು ಪ್ರಜಾಪ್ರಭುತ್ವದ ಹೆಸರಿನಲ್ಲಿ ಯುದ್ಧಕ್ಕಿಳಿಯಿತು, ತನ್ನ ಮನೆಯಲ್ಲಿ ಪ್ರಜಾಪ್ರಭುತ್ವ ಕೇಳಿದವರನ್ನು ಸೆರೆಮನೆಗೆ ಹಾಕಿತು.” ಇದಕ್ಕೆ ಪರೀಕ್ಷೆಯಲ್ಲಿ ಅಂಕ ಸಿಗಲಾರದು. ಆದರೂ ಬರೆದುಕೊಳ್ಳಿ.